ನೇಗಿಲ ಗೆಡ್ಡೆ, ಬೆಂಕಿಯ ಹೂವು

ಮುಂಗಾರು ಹಿಡಿದು ಒಂದೆರಡು ತಿಂಗಳಾಗುವ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ, ಕೆಲವೆಡೆ ಬಯಲುಸೀಮೆಯ ಗುಡ್ಡಗಳ ಮಗ್ಗುಲಲ್ಲಿಯೂ ಒಂದು ಬಳ್ಳಿ ಹೂ ಬಿಡುತ್ತದೆ. ಆರು ದಳಗಳು; ಅಂಚು ಅಲೆ ಅಲೆಯಾಗಿ ಸುಕ್ಕುಗಟ್ಟಿದವು. ಹೂವು ತಲೆ ಬಾಗಿಸಿಕೊಂಡಿದ್ದರೆ ದಳಗಳು ಮಾತ್ರ ಹಿಂದಕ್ಕೆ ಮಡಿಚಿ ಮೇಲ್ಮುಖವಾಗಿ ನಿಂತಿರುತ್ತವೆ. ಅರಳುವಾಗ ಹಸಿರು ಬೆರೆತ ಹಳದಿ, ಆಮೇಲೆ ಬುಡ ಹಳದಿ, ತುದಿ ಕೆಂಪು, ಬಾಡುವ ಹೊತ್ತಿಗೆ ಪೂರ್ತಿ ಕಡುಗೆಂಪು. ಗೌರಿ ಹಬ್ಬದ ಕಾಲಕ್ಕೆ ಸಿಗುವುದರಿಂದ ಇದು ಗೌರಿ ಹೂವು. ಓದಿದವರ ಬಾಯಲ್ಲಿ ಅಗ್ನಿಶಿಖೆ. ಇದೇ ಬಳ್ಳಿಗೆ ಕನ್ನಡದಲ್ಲಿ ಇನ್ನೊಂದು ಹೆಸರೂ ಇದೆ: ಕರಡಿ ಕಣ್ಣಿನ ಗೆಡ್ಡೆ. ಮೊದಲಿನ ಎರಡು ಹೆಸರುಗಳನ್ನು ಇಟ್ಟವರು ಹೂವನ್ನು ನೋಡಿದ್ದರು. ಮೂರನೆಯ ಹೆಸರಿಟ್ಟವರು ನೆಲವನ್ನು ಅಗೆದಿದ್ದರು.

ಕಾಡಿನ ಗೆಡ್ಡೆಗಿಡಗಳನ್ನು ವಿದ್ವಾಂಸರು ಹೇಗೆ ವರ್ಣಿಸಿದರು, ಹೇಗೆ ವರ್ಗೀಕರಿಸಿದರು ಎಂಬ ಮುನ್ನೂರು ವರ್ಷಗಳ ಕಥೆಯನ್ನು ಈ ಒಂದು ಬಳ್ಳಿಯ ಆಸರೆಯಲ್ಲಿ ಹೇಳಬಹುದು. ಕಿರುತೆರೆಯ ಮೇಲೆ ಹೂವನ್ನು ತೋರಿಸುವುದು ಸುಲಭ. ಗೆಡ್ಡೆಯನ್ನು ತೋರಿಸಬೇಕಾದರೆ ಗುದ್ದಲಿ ಬೇಕು. ಸಸ್ಯಶಾಸ್ತ್ರಕ್ಕೂ ಬಹುಕಾಲ ಇದೇ ತೊಡಕಿತ್ತು. ಅದು ಹೂವಿನಿಂದ ಆರಂಭಿಸಿ ಗೆಡ್ಡೆಯ ಸತ್ಯಕ್ಕೆ ಬಂದು ಮುಟ್ಟಲು ಎರಡು ಶತಮಾನಗಳಿಗಿಂತ ಹೆಚ್ಚು ಹಿಡಿಯಿತು. ಇದನ್ನು ಬರಿಯ ಪಂಡಿತರ ಚರ್ಚೆ ಎಂದು ಯಾರೂ ತಿಳಿಯಬಾರದು. ಈ ಗೆಡ್ಡೆ ಪ್ರಾಣ ತೆಗೆಯಬಲ್ಲ ವಿಷ.

ಮೊದಲು ನಮ್ಮ ವೈದ್ಯ ನಿಘಂಟುಗಳನ್ನು ನೋಡೋಣ. ಸಂಸ್ಕೃತದಲ್ಲಿ ಈ ಬಳ್ಳಿಗಿರುವ ಹೆಸರುಗಳು ಒಂದೆರಡಲ್ಲ. ಅಗ್ನಿಶಿಖಾ, ಶಕ್ರಪುಷ್ಪೀ ಎಂಬಿವು ಹೂವಿನಿಂದ ಬಂದವು. ಲಾಂಗಲೀ, ಹಲಿನೀ ಎಂಬಿವು ಗೆಡ್ಡೆಯಿಂದ ಬಂದವು. ಲಾಂಗಲ, ಹಲ ಎರಡಕ್ಕೂ ನೇಗಿಲೆಂದೇ ಅರ್ಥ. ಬಲಿತ ಗೆಡ್ಡೆಯನ್ನು ಎತ್ತಿ ಮಣ್ಣು ಕೊಡವಿದರೆ ಎರಡು ತೋಳುಗಳು ಕೋನವಾಗಿ ಕೂಡಿದ, ಒಂದು ತೋಳು ಉದ್ದ, ಇನ್ನೊಂದು ಗಿಡ್ಡವಾದ ಆಕಾರ ಕಾಣುತ್ತದೆ. ಮರದ ನೇಗಿಲನ್ನು ಬಲ್ಲವರಿಗೆ ಬೇರೆ ವಿವರಣೆ ಬೇಕಿಲ್ಲ. ಇನ್ನು ವಿಶಲ್ಯಾ, ಗರ್ಭಪಾತಿನೀ ಎಂಬ ಹೆಸರುಗಳು ಅದರ ಪರಿಣಾಮವನ್ನು ಹೇಳುತ್ತವೆ. ಎರಡನೆಯದಂತೂ ಹೆಸರೂ ಹೌದು, ಎಚ್ಚರಿಕೆಯೂ ಹೌದು. ಆಯುರ್ವೇದ ಇದನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿದೆ, ಶುದ್ಧಿ ಮಾಡದೆ ಬಳಸಕೂಡದೆಂದು ವಿಧಿಸಿದೆ. ಹೀಗೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ದೇಹಕ್ಕೆ ಆದದ್ದು ಎಂಬ ಮೂರು ದಾರಿಗಳಿಂದ ಒಂದು ಗಿಡವನ್ನು ಗುರುತಿಸುವ ಕ್ರಮ ಇಲ್ಲಿ ಇತ್ತು.

ಆದರೆ ಈ ಕ್ರಮವನ್ನು ಅತಿಯಾಗಿ ಹೊಗಳುವುದೂ ಬೇಡ. ಅಮರಕೋಶದಲ್ಲಿ ಲಾಂಗಲೀ ಎಂಬ ಹೆಸರು ನೀರಿನ ಆಸರೆಯಲ್ಲಿ ಬೆಳೆಯುವ ಬೇರೊಂದು ಸಸ್ಯಕ್ಕೆ ಸಲ್ಲುತ್ತದೆ. ಒಂದು ಹೆಸರಿಗೆ ಎರಡು ಗಿಡ, ಒಂದು ಗಿಡಕ್ಕೆ ಹತ್ತು ಹೆಸರು. ಗುರುವಿನ ಜೊತೆಯಲ್ಲಿ ಕಾಡಿಗೆ ಹೋಗಿ ಬೆರಳಿಟ್ಟು ತೋರಿಸಿಕೊಂಡವನಿಗೆ ತೊಂದರೆ ಇಲ್ಲ. ಗ್ರಂಥವನ್ನು ಮಾತ್ರ ಓದಿ ಗೆಡ್ಡೆ ಕೀಳಲು ಹೊರಟವನಿಗೆ ಅಪಾಯ ತಪ್ಪಿದ್ದಲ್ಲ.

ನೆರೆಯ ತಮಿಳಿನಲ್ಲಿ ಇದು ಕಾಂದಳ್. ಸಂಗಂ ಸಾಹಿತ್ಯದ ಕುರಿಂಜಿಪ್ಪಾಟ್ಟು ಎಂಬ ಕಾವ್ಯದಲ್ಲಿ ಬರುವ 99 ಹೂಗಳ ಪಟ್ಟಿ ಆರಂಭವಾಗುವುದೇ ಕೆಂಪು ಕಾಂದಳಿನಿಂದ. ಮಲೆಯಾಳದಲ್ಲಿ ಮೇಂದೋನ್ನಿ. ಈ ಮಲೆಯಾಳದ ಹೆಸರೇ ನಮ್ಮ ಕಥೆಯನ್ನು ಹಡಗು ಹತ್ತಿಸಿ ಯೂರೋಪಿಗೆ ಕೊಂಡೊಯ್ದದ್ದು.

1670ರ ದಶಕದಲ್ಲಿ ಕೊಚ್ಚಿ ಡಚ್ಚರ ಕೈಯಲ್ಲಿತ್ತು. ಅಲ್ಲಿನ ಅಧಿಕಾರಿ ಹೆಂಡ್ರಿಕ್ ವಾನ್ ರೀಡೆ ವೃತ್ತಿಯಿಂದ ಸೈನಿಕ, ಸಸ್ಯಶಾಸ್ತ್ರಜ್ಞನಲ್ಲ. ಮಲಬಾರಿನ ಗಿಡಮೂಲಿಕೆಗಳನ್ನೆಲ್ಲ ಚಿತ್ರಸಹಿತ ದಾಖಲಿಸಬೇಕೆಂಬ ಹಟ ಆತನಿಗೆ ಹಿಡಿಯಿತು. ಫಲವಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ಗ್ರಂಥವೇ ಹಾರ್ಟಸ್ ಮಲಬಾರಿಕಸ್. ಸುಮಾರು 740 ಸಸ್ಯಗಳ ವರ್ಣನೆ ಅದರಲ್ಲಿದೆ. ಕೊನೆಯ ಸಂಪುಟಗಳು ಬರುವಷ್ಟರಲ್ಲಿ ರೀಡೆ ಬದುಕಿರಲಿಲ್ಲ. 1691ರಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡ, ಅವನ ಗೋರಿ ಸೂರತ್ತಿನಲ್ಲಿದೆ.

ಗ್ರಂಥದ ತಿರುಳು ರೀಡೆಯದಲ್ಲ, ಇಲ್ಲಿನವರದು. ಚೇರ್ತಲದ ಸೀಮೆಯ ಈಳವ ವೈದ್ಯ ಇಟ್ಟಿ ಅಚ್ಯುತನ್ ತನ್ನ ಮನೆತನದ ಓಲೆಗರಿಗಳಲ್ಲಿದ್ದ ಮಾಹಿತಿಯನ್ನು ಬಿಡಿಸಿ ಹೇಳಿದ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಅದನ್ನು ತಮ್ಮ ಗ್ರಂಥಗಳೊಂದಿಗೆ ತಾಳೆ ನೋಡಿದರು. ಈ ಮೂವರು ನಾಗರಿ ಲಿಪಿಯಲ್ಲಿ ಕೊಂಕಣಿ ಭಾಷೆಯಲ್ಲಿ ಬರೆದುಕೊಟ್ಟ 1675ರ ಪ್ರಮಾಣಪತ್ರ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಇದನ್ನು ಹೆಮ್ಮೆಯಿಂದ ನೆನೆಯುವವರಿದ್ದಾರೆ, ನೆನೆಯಬೇಕಾದದ್ದೇ. ಮಾಹಿತಿ ಮಲೆಯಾಳದಿಂದ ಪೋರ್ಚುಗೀಸಿಗೆ, ಪೋರ್ಚುಗೀಸಿನಿಂದ ಲ್ಯಾಟಿನ್ನಿಗೆ ದಾಟಿತು. ಎರಡು ಹೊಳೆ ದಾಟಿದ ಮೇಲೂ ಗಿಡಗಳ ಊರ ಹೆಸರುಗಳು ಕೆಡಲಿಲ್ಲವೆಂಬುದೇ ಆಶ್ಚರ್ಯ. ಏಳನೆಯ ಸಂಪುಟದಲ್ಲಿ ನಮ್ಮ ಬಳ್ಳಿ ಮೆಂದೋನಿ ಎಂಬ ಹೆಸರಿನಲ್ಲೇ ನಿಂತಿದೆ.

ಅದೇ ಕಾಲದಲ್ಲಿ ಸಿಂಹಳದಲ್ಲಿ ಡಚ್ ಕಂಪನಿಯ ವೈದ್ಯನಾಗಿದ್ದ ಪೌಲ್ ಹರ್ಮನ್ ಎಂಬಾತ ಗಿಡಗಳನ್ನು ಒತ್ತಿ ಒಣಗಿಸಿ ಸಂಗ್ರಹಿಸಿದ. ಆಮೇಲೆ ಲೈಡನ್ನಿನಲ್ಲಿ ಪ್ರಾಧ್ಯಾಪಕನಾದ. ಮೇಂದೋನ್ನಿಯನ್ನೇ ಲ್ಯಾಟಿನ್ನಿನ ನಾಲಿಗೆಗೆ ಒಗ್ಗಿಸಿ, ಮಲಬಾರಿನವರ ಮೆಥೋನಿಕ ಎಂದು ಆತ ಕರೆದ. ಆಮ್‌ಸ್ಟರ್‌ಡ್ಯಾಮಿನ ಕಾಮೆಲಿನ್ ಇದನ್ನು ಸಿಂಹಳದ ಭವ್ಯ ಲಿಲ್ಲಿ ಎಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ವರ್ಣಿಸಿದ. ಆಗಿನ ಪದ್ಧತಿ ಹಾಗೆಯೇ. ಹೆಸರೆಂದರೆ ಒಂದು ಪುಟ್ಟ ವರ್ಣನೆ.

ಇಲ್ಲಿಗೆ ಸ್ವೀಡನ್ನಿನ ಲಿನೇಯಸ್ ಪ್ರವೇಶಿಸುತ್ತಾನೆ. ಆತ ಭಾರತಕ್ಕೆ ಬಂದವನಲ್ಲ. ಮೂವತ್ತರ ವಯಸ್ಸಿನಲ್ಲಿ ಹಾಲೆಂಡಿನ ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತನ ತೋಟದಲ್ಲಿದ್ದುಕೊಂಡು, ದೇಶದೇಶಗಳಿಂದ ಬಂದ ಗಿಡಗಳಿಗೆ ಹೆಸರಿಡುತ್ತಿದ್ದ. 1737ರಲ್ಲಿ ಪ್ರಕಟವಾದ ಕ್ರಿಟಿಕಾ ಬೊಟಾನಿಕಾ ಎಂಬ ಪುಸ್ತಕದಲ್ಲಿ ಆತ ಒಂದು ಕಟ್ಟುನಿಟ್ಟಿನ ನಿಯಮ ಮಾಡಿದ: ಗ್ರೀಕ್ ಅಥವಾ ಲ್ಯಾಟಿನ್ ಮೂಲವಿಲ್ಲದ ಜಾತಿನಾಮಗಳು ಅನಾಗರಿಕ, ಅವನ್ನು ಬಿಟ್ಟುಬಿಡಬೇಕು. ಮೆಥೋನಿಕ ಈ ಜರಡಿಯಲ್ಲಿ ಉದುರಿಹೋಯಿತು. ಅದರ ಜಾಗಕ್ಕೆ ಬಂದದ್ದು ಗ್ಲೋರಿಯೋಸ, ಅಂದರೆ ವೈಭವದ್ದು. 1753ರ ಸ್ಪೀಶೀಸ್ ಪ್ಲಾಂಟಾರಂ ಗ್ರಂಥದಲ್ಲಿ ಇದು ಗ್ಲೋರಿಯೋಸ ಸುಪರ್ಬ ಎಂಬ ಜೋಡಿ ಹೆಸರು ಪಡೆಯಿತು. ಹಳೆಯ ಡಚ್ ವರ್ಣನೆಯಲ್ಲಿದ್ದ ಭವ್ಯ ಎಂಬ ವಿಶೇಷಣ ಎರಡನೆಯ ಪದವಾಗಿ ಉಳಿದುಕೊಂಡಿತು. ವೈಭವದ್ದು, ಭವ್ಯವಾದದ್ದು! ಎರಡೂ ಪದಗಳು ಹೂವನ್ನೇ ಹೊಗಳುತ್ತವೆ. ನೇಗಿಲು ಎಲ್ಲಿಯೂ ಇಲ್ಲ, ವಿಷದ ಸುಳಿವೂ ಇಲ್ಲ.

ಹೆಸರಿಗಿಂತ ಮುಖ್ಯವಾದದ್ದು ಲಿನೇಯಸ್ ಇದನ್ನು ಕೂರಿಸಿದ ಪಂಕ್ತಿ. ಆತನ ವರ್ಗೀಕರಣದ ಆಧಾರ ಎಣಿಕೆ. ಹೂವಿನಲ್ಲಿ ಕೇಸರಗಳೆಷ್ಟು ಎಂದು ಎಣಿಸಿದರೆ ವರ್ಗ ಸಿಗುತ್ತದೆ. ಶಲಾಕೆಗಳೆಷ್ಟು ಎಂದು ಎಣಿಸಿದರೆ ಗಣ ಸಿಗುತ್ತದೆ. ಅಗ್ನಿಶಿಖೆಗೆ ಕೇಸರ ಆರು, ಶಲಾಕೆ ಒಂದು. ಆದ್ದರಿಂದ ಅದು ಈರುಳ್ಳಿ ಮತ್ತು ಅನಾನಸಿನ ಪಂಕ್ತಿಯಲ್ಲಿ ಕುಳಿತಿತು. ಯೂರೋಪಿನ ಹುಲ್ಲುಗಾವಲುಗಳಲ್ಲಿ ಕಾಲ್ಚಿಕಮ್ ಎಂಬ ಒಂದು ಗೆಡ್ಡೆಗಿಡವಿದೆ. ಶರತ್ಕಾಲದಲ್ಲಿ ಎಲೆಯೇ ಇಲ್ಲದೆ ನೆಲದಿಂದ ನೇರವಾಗಿ ನಸುನೇರಳೆ ಹೂವನ್ನು ಮೇಲಕ್ಕೆ ಕಳಿಸುತ್ತದೆ. ಅದರ ಗೆಡ್ಡೆ ಕಡುವಿಷವೆಂದು ಗ್ರೀಕರ ಕಾಲದಿಂದಲೂ ಗೊತ್ತು. ಅದಕ್ಕೂ ಕೇಸರ ಆರೇ, ಆದರೆ ಶಲಾಕೆ ಮೂರು. ಆದ್ದರಿಂದ ಅದು ಬೇರೆ ಗಣಕ್ಕೆ ಹೋಯಿತು. ಈ ಎರಡು ಗಿಡಗಳು ಹತ್ತಿರದ ಬಂಧುಗಳೆಂಬುದು ಈಗ ನಮಗೆ ಗೊತ್ತು. ಲಿನೇಯಸ್‌ನ ಪುಸ್ತಕದಲ್ಲಿ ಅವುಗಳ ನಡುವೆ ಒಂದು ಗೋಡೆ ಇತ್ತು, ಆ ಗೋಡೆ ಬರಿಯ ಎಣಿಕೆಯದು.

ಲಿನೇಯಸ್‌ನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತನ್ನ ಪದ್ಧತಿ ಕೃತಕವೆಂದು ಆತನೇ ಬಲ್ಲ. ಸಾವಿರಾರು ಗಿಡಗಳು ಬಂದು ಬೀಳುತ್ತಿದ್ದಾಗ ಬೇಗ ಹುಡುಕಲು ಅನುಕೂಲವಾದ ಒಂದು ಕಪಾಟು ಬೇಕಿತ್ತು, ಆತ ಅದನ್ನು ಕಟ್ಟಿಕೊಟ್ಟ. ಗೆಡ್ಡೆಗಿಡಗಳಿಗೆ ಅನ್ಯಾಯವಾದದ್ದು ಕಪಾಟಿನಿಂದ ಮಾತ್ರವಲ್ಲ, ಗಿಡವನ್ನು ಕಾಪಿಡುವ ವಿಧಾನದಿಂದ ಕೂಡ. ಹರ್ಬೇರಿಯಂ ಎಂದರೆ ಕಾಗದದ ನಡುವೆ ಗಿಡವನ್ನು ಒತ್ತಿ ಒಣಗಿಸುವುದು. ಎಲೆ ಒಣಗುತ್ತದೆ, ಹೂವು ಚಪ್ಪಟೆಯಾದರೂ ಉಳಿಯುತ್ತದೆ. ಗೆಡ್ಡೆಯನ್ನು ಒತ್ತಲು ಬಾರದು; ಒತ್ತಿದರೆ ಕೊಳೆಯುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಅವಸರದಲ್ಲಿರುವ ಸಂಗ್ರಾಹಕ ಬಳ್ಳಿಯನ್ನು ನೆಲದ ಮಟ್ಟಕ್ಕೆ ಕತ್ತರಿಸಿ ತಂದುಬಿಡುತ್ತಾನೆ. ದೂರದೇಶದಲ್ಲಿ ಕುಳಿತು ಆ ಹಾಳೆಯನ್ನು ನೋಡುವವನಿಗೆ ಗಿಡದ ಅರ್ಧ ದೇಹವೇ ಕಾಣುವುದಿಲ್ಲ.

ಈ ತೊಡಕಿನ ಇನ್ನೊಂದು ನಿದರ್ಶನವಾಗಿ ನಮ್ಮ ಸುವರ್ಣಗೆಡ್ಡೆಯ ಪ್ರಸಂಗವನ್ನು ನೋಡಬಹುದು. ಇದರ ಕಾಡು ರೂಪ ಮಳೆಗಾಲಕ್ಕೆ ಮುಂಚೆ ದುರ್ವಾಸನೆಯ ಒಂದು ದೊಡ್ಡ ಹೂಗೊಂಚಲನ್ನು ಬಿಡುತ್ತದೆ, ಅದು ಅಳಿದ ಮೇಲೆ ಕೊಡೆಯಂಥ ಎಲೆ ಏಳುತ್ತದೆ. ಹೂ ಇದ್ದಾಗ ಎಲೆ ಇಲ್ಲ, ಎಲೆ ಇದ್ದಾಗ ಹೂ ಇಲ್ಲ. ಎರಡನ್ನೂ ಬೆಸೆಯುವುದು ಗೆಡ್ಡೆ. ಹಾರ್ಟಸ್ ಮಲಬಾರಿಕಸ್‌ನ 11ನೆಯ ಸಂಪುಟದಲ್ಲಿ ಚೇನ ಎಂಬ ಮಲೆಯಾಳದ ಹೆಸರಿನಲ್ಲಿ ಇದರ ಚಿತ್ರಗಳಿವೆ. ಜರ್ಮನಿಯ ಡೆನ್‌ಸ್ಟೆಟ್ ಎಂಬಾತ 1818ರಲ್ಲಿ ಗಿಡವನ್ನು ಕಾಣದೆಯೇ ರೀಡೆಯ ಗ್ರಂಥವನ್ನು ಆಧರಿಸಿ ಇದಕ್ಕೆ ಒಂದು ಹೆಸರಿಟ್ಟ. ಎಲೆಯನ್ನು ಪಿಯೊನಿ ಎಂಬ ಗಿಡದ ಎಲೆಗೆ ಹೋಲಿಸಿದ ಆ ಹೆಸರನ್ನು ಯಾರೂ ಗಮನಿಸಲಿಲ್ಲ. ಇತ್ತ ಕೋರಮಂಡಲ ತೀರದಲ್ಲಿ ಗಿಡವನ್ನು ಕಣ್ಣಾರೆ ಕಂಡು ವರ್ಣಿಸಿದ್ದ ರಾಕ್ಸ್‌ಬರ್ಗ್‌ನ ಹೆಸರು ಒಂದೆರಡು ವರ್ಷ ತಡವಾಗಿ ಅಚ್ಚಾಯಿತು. ಗಂಟೆಯ ಆಕಾರದ್ದು ಎಂಬ ಅರ್ಥದ ಕ್ಯಾಂಪ್ಯಾನುಲೇಟಸ್ ಎಂಬ ಈ ಹೆಸರೇ ಪಠ್ಯಪುಸ್ತಕಗಳಲ್ಲಿ ನೂರೈವತ್ತು ವರ್ಷ ನಡೆಯಿತು. 1977ರಲ್ಲಿ ಅಮೆರಿಕದ ಡಾನ್ ನಿಕಲ್ಸನ್ ಮೊದಲು ಅಚ್ಚಾದ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ ಡೆನ್‌ಸ್ಟೆಟ್ಟನ ಹೆಸರನ್ನು ಎತ್ತಿ ತಂದರು; ಅಂದಿನಿಂದ ಸುವರ್ಣಗೆಡ್ಡೆ ಅಮಾರ್ಫೋಫ್ಯಾಲಸ್ ಪಿಯೊನಿಫೋಲಿಯಸ್. ಗಿಡವನ್ನು ಕಂಡವನ ಹೆಸರು ಹೋಗಿ ಕಾಣದವನ ಹೆಸರು ಉಳಿಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನಿಯಮ ಹಾಗಿದೆ ಎನ್ನುವುದರ ಹೊರತು ಉತ್ತರವಿಲ್ಲ. ಈ ನಿಕಲ್ಸನ್ ನಮಗೆ ಅಪರಿಚಿತರಲ್ಲ: ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಅವರ ಜೊತೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಹೊರತಂದವರು.

ಅಗ್ನಿಶಿಖೆಗೆ ಮರಳೋಣ. 1789ರಲ್ಲಿ ಫ್ರಾನ್ಸಿನ ಜುಸ್ಯು ಎಣಿಕೆಯನ್ನು ಬಿಟ್ಟು, ಅನೇಕ ಲಕ್ಷಣಗಳ ಹೋಲಿಕೆಯಿಂದ ಗಿಡಗಳನ್ನು ಕುಟುಂಬಗಳಾಗಿ ಜೋಡಿಸಿದ. ನಮ್ಮ ಬಳ್ಳಿ ಲಿಲ್ಲಿಗಳ ಕುಟುಂಬಕ್ಕೆ ಸೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಲಿಲಿಯೇಸಿ ಕುಟುಂಬ ಬೆಳೆದು ಬೆಳೆದು ಒಂದು ಉಗ್ರಾಣದಂತಾಯಿತು. ಆರು ದಳ, ಆರು ಕೇಸರ, ಮೇಲಿರುವ ಅಂಡಾಶಯ ಇದ್ದ ಏಕದಳ ಸಸ್ಯವೆಂದರೆ ಅಲ್ಲಿಗೆ ತಳ್ಳುವುದು. ಈರುಳ್ಳಿ, ಶತಾವರಿ, ಲೋಳೆಸರ, ಅಗ್ನಿಶಿಖೆ ಎಲ್ಲಕ್ಕೂ ಒಂದೇ ಮನೆ. ಒಂದರದು ಪದರ ಪದರದ ಉಳ್ಳಿ, ಇನ್ನೊಂದರದು ಗೊಂಚಲು ಬೇರು, ಮತ್ತೊಂದರದು ನೇಗಿಲ ಗೆಡ್ಡೆ. ನೆಲದ ಕೆಳಗಿನ ಈ ಭಿನ್ನತೆಗೆ ಬೆಲೆ ಸಿಗಲಿಲ್ಲ. ನಮ್ಮಲ್ಲಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಹಳೆಯ ತಲೆಮಾರಿನವರೆಲ್ಲ ಗ್ಲೋರಿಯೋಸವನ್ನು ಲಿಲಿಯೇಸಿ ಎಂದೇ ಬರೆದು ಅಂಕ ಪಡೆದವರು.

ಗೋಡೆ ಒಡೆದದ್ದು ರಸಾಯನಶಾಸ್ತ್ರದ ಕಡೆಯಿಂದ. ಕ್ವಿನೈನನ್ನು ಬೇರ್ಪಡಿಸಿ ಹೆಸರಾದ ಪೆಲ್ಲೆತಿಯೆ ಮತ್ತು ಕಾವಂತು ಎಂಬ ಫ್ರೆಂಚ್ ವಿಜ್ಞಾನಿಗಳು ಅದೇ 1820ರಲ್ಲಿ ಕಾಲ್ಚಿಕಮ್ ಗೆಡ್ಡೆಯಿಂದ ಒಂದು ವಿಷವಸ್ತುವನ್ನು ತೆಗೆದರು. 1833ರಲ್ಲಿ ಗೈಗರ್ ಅದನ್ನು ಶುದ್ಧಪಡಿಸಿ ಕಾಲ್ಚಿಸಿನ್ ಎಂದು ಹೆಸರಿಟ್ಟ. 1915ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಅಗ್ನಿಶಿಖೆಯ ಗೆಡ್ಡೆಯನ್ನು ಪರೀಕ್ಷಿಸಿದಾಗ ಅಲ್ಲಿ ದೊರೆತದ್ದೂ ಅದೇ ಕಾಲ್ಚಿಸಿನ್. ಬೇರೆ ಬೇರೆ ಪಂಕ್ತಿಗಳಲ್ಲಿ ಕುಳಿತಿದ್ದ ಎರಡು ಗಿಡಗಳ ಹೊಟ್ಟೆಯಲ್ಲಿ ಒಂದೇ ವಿಷ! ಆದರೂ ವರ್ಗೀಕರಣಕಾರರು ಅವಸರಪಡಲಿಲ್ಲ. ಡೆನ್ಮಾರ್ಕಿನಲ್ಲಿದ್ದ ಡಾಲ್‌ಗ್ರೆನ್ ಮತ್ತು ಸಂಗಡಿಗರು 1985ರಲ್ಲಿ ಏಕದಳ ಸಸ್ಯಗಳ ಕುಟುಂಬಗಳನ್ನು ಮತ್ತೆ ವಿಂಗಡಿಸಿ, ಲಿಲಿಯೇಸಿಯ ಉಗ್ರಾಣವನ್ನು ಖಾಲಿ ಮಾಡಿ, ಕಾಲ್ಚಿಕೇಸಿ ಎಂಬ ಕುಟುಂಬದಲ್ಲಿ ಇವೆರಡನ್ನೂ ಒಟ್ಟಿಗೆ ಇರಿಸಿದರು. ಮುಂದೆ ಡಿ.ಎನ್.ಎ. ಹೋಲಿಕೆಯನ್ನು ಆಧರಿಸಿ ಅನೇಕ ದೇಶಗಳ ಸಸ್ಯಶಾಸ್ತ್ರಜ್ಞರು ಕೂಡಿ 1998ರಲ್ಲಿ ಪ್ರಕಟಿಸಿದ ವರ್ಗೀಕರಣವೂ ಈ ಕುಟುಂಬವನ್ನು ಒಪ್ಪಿಕೊಂಡಿತು.

ನಮ್ಮ ಪಶ್ಚಿಮಘಟ್ಟದ ಹುಲ್ಲುಗಾವಲುಗಳಲ್ಲಿ ಮಳೆಗಾಲದಲ್ಲಿ ಗೇಣುದ್ದ ಬೆಳೆಯುವ ಇಫಿಜೀನಿಯ ಎಂಬ ಸಣ್ಣ ಗೆಡ್ಡೆಗಿಡವೂ ಇದೇ ಕುಟುಂಬದ್ದು. ನಕ್ಷತ್ರದಂಥ ಅದರ ಪುಟ್ಟ ನೇರಳೆ ಹೂವನ್ನು ಅಗ್ನಿಶಿಖೆಯ ಪಕ್ಕದಲ್ಲಿ ಹಿಡಿದರೆ ನೆಂಟಸ್ತನ ಸುಲಭವಾಗಿ ಗೋಚರಿಸದು. ಆದರೆ ಅದರ ಬಳಗದಲ್ಲಿಯೂ ಕಾಲ್ಚಿಸಿನ್ ಇದೆ.

ಈ ಕಾಲ್ಚಿಸಿನ್ ಔಷಧಿಯೂ ಹೌದು. ಕೀಲುಗಳು ಊದಿ ನೋಯುವ ಗೌಟ್ ರೋಗಕ್ಕೆ ವೈದ್ಯರು ಇಂದಿಗೂ ಇದನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಜೀವಕೋಶ ಎರಡಾಗಿ ಒಡೆಯುವುದನ್ನು ತಡೆಯುವುದು ಅದರ ಗುಣ; 1937ರಲ್ಲಿ ಅಮೆರಿಕದ ಬ್ಲೇಕ್ಸ್‌ಲೀ ಇದೇ ಗುಣವನ್ನು ಬಳಸಿ ಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಿ ತೋರಿಸಿದ ಮೇಲೆ ತಳಿ ಅಭಿವೃದ್ಧಿಯವರಿಗೂ ಇದು ಬೇಕಾಯಿತು. ಪ್ರಮಾಣ ಮೀರಿದರೆ ಇದೇ ಗುಣ ಮನುಷ್ಯನನ್ನು ಕೊಲ್ಲುತ್ತದೆ. ಗೆಡ್ಡೆ ತಿಂದ ಕೆಲವು ಗಂಟೆಗಳಲ್ಲಿ ವಾಂತಿ ಭೇದಿ. ಮುಂದೆ ಎಲುಬಿನ ಮಜ್ಜೆ ಸೋತು ರಕ್ತಕಣಗಳು ಕುಸಿಯುತ್ತವೆ. ಬದುಕಿ ಉಳಿದವರ ತಲೆಗೂದಲು ಎರಡು ವಾರದ ಹೊತ್ತಿಗೆ ಉದುರುವುದುಂಟು. ಇದಕ್ಕೆಂದೇ ಒಂದು ಪ್ರತಿವಿಷ ಸುಲಭವಾಗಿ ದೊರೆಯುವುದಿಲ್ಲ. ತಡಮಾಡದೆ ಆಸ್ಪತ್ರೆ ಸೇರುವುದೊಂದೇ ದಾರಿ. ಗೆಣಸೆಂದು ಭ್ರಮಿಸಿ ಇದನ್ನು ಬೇಯಿಸಿ ತಿಂದವರ ಪ್ರಕರಣಗಳು ಶ್ರೀಲಂಕಾದ ಮತ್ತು ಭಾರತದ ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಬಾರದು. ಶುದ್ಧಿಯ ವಿಧಿ ಗ್ರಂಥದಲ್ಲಿದೆಯೆಂದು ಮನೆಯಲ್ಲಿ ಪ್ರಯೋಗ ಮಾಡಲೂಬಾರದು.

ಹೂವಿನ ವೈಭವಕ್ಕೇನೋ ಮರ್ಯಾದೆ ಸಂದಿದೆ. ಇದು ತಮಿಳುನಾಡಿನ ರಾಜ್ಯಪುಷ್ಪ, ಆಫ್ರಿಕದ ಜಿಂಬಾಬ್ವೆಯ ರಾಷ್ಟ್ರಪುಷ್ಪ. ತಮಿಳುನಾಡಿನ ಒಣಭೂಮಿಯ ರೈತರು ಇದನ್ನು ತಂತಿಯ ಚಪ್ಪರಕ್ಕೆ ಹಬ್ಬಿಸಿ, ಕೈಯಿಂದ ಪರಾಗಸ್ಪರ್ಶ ಮಾಡಿ ಬೀಜಕ್ಕಾಗಿ ಬೆಳೆಯುತ್ತಾರೆ; ಬೀಜ ಔಷಧಿ ಕಾರ್ಖಾನೆಗಳಿಗೆ ಹೋಗುತ್ತದೆ. ಬೀಜದಿಂದ ಬೆಳೆಸಿದರೆ ಹೂ ಬಿಡಲು ವರ್ಷಗಳು ಬೇಕಾದ್ದರಿಂದ ನಾಟಿಗೆ ಗೆಡ್ಡೆಯೇ ಬೇಕು. ಆ ಬೇಡಿಕೆ ಕಾಡಿನ ಗೆಡ್ಡೆಗಳ ಮೇಲೆ ಬಿದ್ದ ಕಡೆಗಳಲ್ಲಿ ಬಳ್ಳಿ ವಿರಳವಾಗುತ್ತಿದೆ. ಹೂ ಕಿತ್ತರೆ ಬಳ್ಳಿಗೆ ಅಷ್ಟೇನೂ ನಷ್ಟವಿಲ್ಲ, ಗೆಡ್ಡೆ ಕಿತ್ತರೆ ಬಳ್ಳಿಯೇ ಇಲ್ಲ.

ದೀಪಾವಳಿ ಕಳೆದು ಚಳಿ ಹಿಡಿಯುವಷ್ಟರಲ್ಲಿ ಬಳ್ಳಿ ಒಣಗಿ ಬೇಲಿಯಿಂದ ಉದುರಿಹೋಗುತ್ತದೆ. ಬೇಸಿಗೆಯುದ್ದಕ್ಕೂ ನೆಲದ ಮೇಲೆ ಅದರ ಗುರುತೇ ಇರುವುದಿಲ್ಲ. ಹಳೆಯ ಗೆಡ್ಡೆ ಬತ್ತಿ, ಅದರ ಬದಲಿಗೆ ಬೆಳೆದ ಹೊಸ ಗೆಡ್ಡೆ ಎರಡು ತೋಳು ಚಾಚಿಕೊಂಡು ಮಣ್ಣಿನೊಳಗೆ ಮಲಗಿರುತ್ತದೆ. ತೋಳಿನ ತುದಿಯಲ್ಲಿ ಮುಂದಿನ ವರ್ಷದ ಮೊಗ್ಗು. ಹೊಲ ಅಗೆಯುವವರಿಗೆ, ಬೇಲಿ ಕೀಳುವವರಿಗೆ, ಗೆಣಸು ಹುಡುಕುವ ಮಕ್ಕಳಿಗೆ ಅದು ಕೈಗೆ ಸಿಗುವುದು ಈ ತಿಂಗಳುಗಳಲ್ಲಿಯೇ. ಆಗ ಎಣಿಸಲು ಕೇಸರಗಳಿಲ್ಲ, ನೋಡಲು ಬೆಂಕಿಯ ಬಣ್ಣದ ದಳಗಳಿಲ್ಲ. ನೇಗಿಲಿನ ಆಕಾರವೊಂದೇ ಗುರುತು.